ತಂಡಕ್ಕೆ ಆಯ್ಕೆಯಾದ ಮಗಳ ಓದನ್ನು ಕಾಯುವವರು ಯಾರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ- ಈ ತಾಲೂಕುಗಳ ಯಾವುದೋ ಪದವಿ ಕಾಲೇಜಿನಲ್ಲಿ ನಿಮ್ಮ ಮಗಳು ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಒಂದು ಸಂಜೆ ಮನೆಗೆ ಬಂದವಳೇ, "ಅಮ್ಮೀ, ಖೋಖೋ ತಂಡದಲ್ಲಿ ನನ್ನ ಹೆಸರು ಬಂದಿದೆ" ಎನ್ನುತ್ತಾಳೆ. ಉಡುಪು ಎಂಥದ್ದು, ಜೊತೆಯಲ್ಲಿ ಯಾರು ಹೋಗುತ್ತಾರೆ, ನೆಂಟರು ಏನೆಂದಾರು ಎಂಬ ಪ್ರಶ್ನೆಗಳು ಕೂಡಲೇ ಎದ್ದು ನಿಲ್ಲುತ್ತವೆ. ಕೇಳಬೇಕಾದ ಪ್ರಶ್ನೆಗಳೇ. ಆದರೆ, "ಆಡುತ್ತಾ ಆಡುತ್ತಾ ಇವಳ ಓದು ಏನಾಗುತ್ತದೆ?" ಎಂದು ಕಾಲೇಜಿಗೆ ಹೋಗಿ ವಿಚಾರಿಸುವ ತಾಯಂದಿರು ಎಷ್ಟು ಮಂದಿ?

ಓಟಕ್ಕೂ ಓದಿಗೂ ವೈರವೆಂದು ಭಾವಿಸುವವರು ಹಝ್ರತ್ ಆಯಿಶಾ(ರ)ರನ್ನು ನೆನಪಿಸಿಕೊಳ್ಳಲಿ. ಪ್ರಯಾಣದ ವೇಳೆ ಪ್ರವಾದಿ(ಸ)ಯವರು ಅವರೊಂದಿಗೆ ಓಟದ ಪಂದ್ಯ ನಡೆಸಿದ್ದರು. ಮೊದಲ ಸಲ ಗೆದ್ದವರು ಆಯಿಶಾ(ರ). ಅದೇ ಆಯಿಶಾ(ರ)ರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ನಮಗೆ ತಲುಪಿವೆ. ದೊಡ್ಡ ದೊಡ್ಡ ಸಹಾಬಿಗಳೇ ಸಂಶಯ ಪರಿಹಾರಕ್ಕಾಗಿ ಅವರ ಬಳಿ ಬರುತ್ತಿದ್ದರು.

ಕಾಲೇಜಿನಲ್ಲಿ ಈ ಎರಡನ್ನೂ ಹೊಂದಿಸಬೇಕಾದವರು ದೈಹಿಕ ಶಿಕ್ಷಣ ನಿರ್ದೇಶಕರು. ಸೀಟಿ ಊದುವುದಷ್ಟೇ ಅವರ ಕೆಲಸವೆಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಯುಜಿಸಿಯ 2018ರ ನಿಯಮದಂತೆ ಆ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಕಾಲೇಜು ಅಥವಾ ವಿಶ್ವವಿದ್ಯಾನಿಲಯದ ಪರವಾಗಿ ಆಡಿದ ದಾಖಲೆಯೂ ಬೇಕು. ಪುಸ್ತಕವನ್ನೂ ಮೈದಾನವನ್ನೂ ಬಲ್ಲವರಿಗೇ ಆ ಕುರ್ಚಿ.

ಅವರ ಕೆಲಸದ ನಿಜವಾದ ಪರೀಕ್ಷೆ ನಡೆಯುವುದು ಪಂದ್ಯಗಳ ದಿನಗಳಲ್ಲಿ. ಬೆಳಗಾವಿ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾನಿಲಯಕ್ಕೆ. ಅಂತರ ಕಾಲೇಜು ಪಂದ್ಯಗಳಲ್ಲಿ ಚೆನ್ನಾಗಿ ಆಡಿದವರು ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ, ಅಲ್ಲಿಂದ ಹೊರರಾಜ್ಯಕ್ಕೂ ಹೋಗುತ್ತಾರೆ. ತರಬೇತಿ ಶಿಬಿರ, ಪ್ರಯಾಣ, ಪಂದ್ಯ ಎಂದು ವಾರಗಳೇ ಕಳೆಯುತ್ತವೆ. ರಾಮದುರ್ಗದ ಹುಡುಗಿಗೆ ಬೆಳಗಾವಿಗೆ ಹೋಗಿಬರುವುದರಲ್ಲೇ ಇಡೀ ದಿನ ಮುಗಿಯುತ್ತದೆ. ಇತ್ತ ಸೆಮಿಸ್ಟರ್ ಚಿಕ್ಕದು, ಶೇ. 75 ಹಾಜರಾತಿ ಬೇಕು, ನಡುವೆ ಆಂತರಿಕ ಪರೀಕ್ಷೆ. ಒಳ್ಳೆಯ ನಿರ್ದೇಶಕರು ತಂಡ ಹೊರಡುವ ಮೊದಲೇ ಪ್ರಾಂಶುಪಾಲರಿಗೂ ವಿಷಯ ಬೋಧಕರಿಗೂ ಹೆಸರುಗಳನ್ನು ಬರೆದುಕೊಡುತ್ತಾರೆ. ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಸುತ್ತಾರೆ. ಎರಡು ವಿಷಯ ಬಾಕಿ ಉಳಿಸಿಕೊಂಡವಳಿಗೆ, "ಮೊದಲು ಅದನ್ನು ಮುಗಿಸಮ್ಮಾ, ಆಮೇಲೆ ಬಾ" ಎನ್ನುವ ಧೈರ್ಯವೂ ಅವರಿಗಿರಬೇಕು. ಅವಳು ತಂಡದ ಅತ್ಯುತ್ತಮ ಆಟಗಾರ್ತಿಯಾಗಿದ್ದರೂ ಸರಿಯೇ. ಕಪಾಟಿನಲ್ಲಿ ಕಪ್ಪುಗಳನ್ನು ಜೋಡಿಸಿಟ್ಟು, ಆಡಿದ ಹುಡುಗಿಯರು ಪದವಿ ಮುಗಿಸಿದರೋ ಇಲ್ಲವೋ ಎಂದು ನೋಡದ ವಿಭಾಗವನ್ನು ನಾನಂತೂ ಯಶಸ್ವಿ ಎನ್ನಲಾರೆ.

ಅಮೆರಿಕದಲ್ಲಿ ಎರಡು ವರ್ಷದ ಸಮುದಾಯ ಕಾಲೇಜುಗಳಿವೆ. ಪೂರ್ಣಾವಧಿ ವಿದ್ಯಾರ್ಥಿಯಾಗಿ ತರಗತಿಗೆ ಹೋಗದವರಿಗೆ, ನಿಗದಿತ ಅಂಕ ಉಳಿಸಿಕೊಳ್ಳದವರಿಗೆ ಅಲ್ಲಿ ತಂಡದಲ್ಲಿ ಜಾಗವಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ಧರಿಸಿ ಕತ್ತಿವರಸೆಯಲ್ಲಿ ತಂಡದೊಂದಿಗೆ ಕಂಚು ಗೆದ್ದ ಇಬ್ತಿಹಾಜ್ ಮುಹಮ್ಮದ್ ಕೂಡಾ ಆ ದೇಶದ ಡ್ಯೂಕ್ ವಿಶ್ವವಿದ್ಯಾನಿಲಯದ ಪದವೀಧರೆ. ಉಡುಪಿನ ಚಿಂತೆಗೂ ಒಂದು ಮಾತು: ತಲೆವಸ್ತ್ರಕ್ಕೆ ಫುಟ್ಬಾಲ್‌ನ ಜಾಗತಿಕ ಸಂಸ್ಥೆ 2014ರಲ್ಲಿ, ಬಾಸ್ಕೆಟ್‌ಬಾಲ್‌ನದು 2017ರಲ್ಲಿ ಅನುಮತಿ ನೀಡಿವೆ.

ಅಷ್ಟು ದೂರವೇಕೆ? ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಆರಂಭವಾದದ್ದು 1969ರಲ್ಲಿ. ಪಾಠ, ಕವಾಯತು, ಆಟ ಎಲ್ಲವೂ ಅಲ್ಲಿ ಒಂದೇ ದಿನಚರಿಯೊಳಗೆ. ದೇಶದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಹುಡುಗಿಯರಿಗೆ ಬಾಗಿಲು ತೆರೆದದ್ದು 2022ರಲ್ಲಿ!

ಆದ್ದರಿಂದ ಒಮ್ಮೆ ಕಾಲೇಜಿಗೆ ಹೋಗಿ ನಿರ್ದೇಶಕರನ್ನು ಭೇಟಿಯಾಗಿ. "ಸರ್, ಕಳೆದ ವರ್ಷ ಆಡಿದ ಹುಡುಗಿಯರಲ್ಲಿ ಎಷ್ಟು ಮಂದಿ ಪಾಸಾದರು? ಪಂದ್ಯದ ದಿನಗಳ ಹಾಜರಾತಿ ಕೊಡುತ್ತೀರಾ? ತಂಡದ ಜೊತೆ ಮಹಿಳಾ ಸಿಬ್ಬಂದಿ ಬರುತ್ತಾರಾ?" ಎಂದು ಕೇಳಿ. ಸಂಕೋಚ ಬೇಡ. ಬಸ್ಸಿನ ಖರ್ಚಿನ ನೆಪವೂ ಬೇಡ. 2023ರ ಜೂನ್‌ನಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಉಚಿತವಾಗಿದೆ.

ಇನ್ನೊಂದು ವಿಷಯ. ಆಡಿದ ಪ್ರತಿ ಪಂದ್ಯದ ಪ್ರಮಾಣಪತ್ರವನ್ನು ಅಂಕಪಟ್ಟಿಯ ಜೊತೆ ಒಂದೇ ಫೈಲಿನಲ್ಲಿಡಿ. ನಾಳೆ ಅವಳು ಬಿ.ಪಿ.ಎಡ್. ಸೇರಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಬೇಕೆಂದರೆ ಎರಡನ್ನೂ ಕೇಳುತ್ತಾರೆ.