ಮುಂದೆ ಆಡುವವನು ಯಾರು? ನೈರೋಬಿಯ ಅರವತ್ತು ವರ್ಷಗಳ ತಕರಾರು

2010ರ ಜನವರಿ ತಿಂಗಳ ಕೊನೆಯ ದಿನಗಳು. ಇಟಲಿಯ ಪಾರ್ಮಾ ಕ್ಲಬ್ಬಿನಲ್ಲಿ ಆಡುತ್ತಿದ್ದ ಮೆಕ್‌ಡೊನಾಲ್ಡ್ ಮರೀಗಾ ಅವರನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕೊಳ್ಳಲು ಹೊರಟಿತ್ತು. ಹುಡುಗ ನೈರೋಬಿಯವನು, ಕಮುಕುಂಜಿ ಹೈಸ್ಕೂಲಿನಲ್ಲಿ ಓದಿದವನು. ಮಾತುಕತೆ ಮುಗಿಯುತ್ತಾ ಬಂದಾಗ ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ಫಿಫಾ ಪಟ್ಟಿಯ ಮೊದಲ ಎಪ್ಪತ್ತು ದೇಶಗಳಲ್ಲಿ ಕೆನ್ಯಾದ ಹೆಸರಿರಲಿಲ್ಲ. ಅಂಥ ದೇಶದ ಆಟಗಾರನಿಗೆ ಇಂಗ್ಲೆಂಡಿನ ಬಾಗಿಲು ಸುಲಭಕ್ಕೆ ತೆರೆಯುತ್ತಿರಲಿಲ್ಲ. ಪ್ರಧಾನಿ ರೈಲಾ ಒಡಿಂಗಾ ಅವರೇ ಬ್ರಿಟಿಷ್ ಸರ್ಕಾರಕ್ಕೆ ಮನವಿ ಮಾಡಿದರೂ ಕೆಲಸವಾಗಲಿಲ್ಲ. ವರ್ಗಾವಣೆಯ ಗಡುವು ಮುಗಿಯುವ ಹೊತ್ತಿಗೆ ಮರೀಗಾ ಮಿಲಾನಿನ ಇಂಟರ್ ಸೇರಿದರು. ಅದೇ ವರ್ಷ ಮೇ 22ರಂದು ಮ್ಯಾಡ್ರಿಡ್‌ನಲ್ಲಿ ಇಂಟರ್ ಚಾಂಪಿಯನ್ಸ್ ಲೀಗ್ ಗೆದ್ದಿತು. ಆ ಪದಕ ಕೊರಳಿಗೆ ಬಿದ್ದ ಮೊದಲ ಕೆನ್ಯನ್ ಮರೀಗಾ.

ಒಬ್ಬ ಆಟಗಾರನ ವರ್ಗಾವಣೆಗೆ ಒಂದು ದೇಶದ ಪ್ರಧಾನಿ ನಡುವೆ ಬರುವುದು ನಮಗೆ ವಿಚಿತ್ರವಾಗಿ ಕಾಣಬಹುದು. ನೈರೋಬಿಯವರಿಗೆ ಹಾಗೆ ಕಾಣಲಿಲ್ಲ. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬಾರದು, ಮುಂದಿನ ಸಾಲಿನಲ್ಲಿ ಒಬ್ಬನೋ ಇಬ್ಬರೋ, ಚೆಂಡು ಅಂಚಿನಿಂದ ಬರಬೇಕೋ ನಡುವಿನಿಂದಲೋ ಎಂಬ ಚರ್ಚೆ ಅಲ್ಲಿ ಕ್ಷೌರದಂಗಡಿಯಲ್ಲೂ ನಡೆಯುತ್ತದೆ, ಮಟಾಟು ಎಂದು ಕರೆಯುವ ಬಾಡಿಗೆ ವ್ಯಾನುಗಳಲ್ಲೂ ನಡೆಯುತ್ತದೆ. ಮಾತಾಡುವವರ ದನಿಯಲ್ಲಿ ಹಕ್ಕಿನ ಗಡಸು ಇರುತ್ತದೆ. ಟಿಕೆಟು ಕೊಂಡು ಬಂದ ನೋಡುಗ ಹಾಗೆ ಮಾತಾಡುವುದಿಲ್ಲ. ಮನೆಯ ಯಜಮಾನ ಮಾತಾಡುತ್ತಾನೆ. ಆ ಯಜಮಾನಿಕೆ ಎಲ್ಲಿಂದ ಬಂತು ಎಂದು ಹುಡುಕಿದರೆ ರೈಲು ಹಳಿಯ ತನಕ ಹೋಗಬೇಕಾಗುತ್ತದೆ.

ನೈರೋಬಿ ಹುಟ್ಟಿದ್ದೇ 1899ರಲ್ಲಿ, ಉಗಾಂಡಾ ರೈಲ್ವೆಯ ಒಂದು ತಂಗುದಾಣವಾಗಿ. ಹಳಿ ಹಾಸಲು ಭಾರತದಿಂದ, ಅದರಲ್ಲೂ ಪಂಜಾಬಿನಿಂದ, ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳು ಹೋಗಿದ್ದರು. ಹಳಿ ವಿಕ್ಟೋರಿಯಾ ಸರೋವರ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಪಶ್ಚಿಮದ ಲುವೋ ಮತ್ತು ಲುಹ್ಯಾ ಜನ ಕೆಲಸ ಹುಡುಕಿಕೊಂಡು ನಗರಕ್ಕೆ ಬಂದರು. ವಸಾಹತು ಆಡಳಿತ ಬಿಳಿಯರಿಗೆ ಪಶ್ಚಿಮದ ತಂಪು ದಿಣ್ಣೆಗಳನ್ನು ಇಟ್ಟು, ಆಫ್ರಿಕನ್ ಕೆಲಸಗಾರರಿಗೆ ಪೂರ್ವದ ಎರೆಮಣ್ಣಿನ ಬಯಲನ್ನು ಕೊಟ್ಟಿತು. ಮುಥುರ್ವಾ, ಮಕೊಂಗೆನಿ, ಶೌರಿ ಮೊಯೊ, ಕಲೋಲೇನಿ ಹೀಗೆ ಎದ್ದ ಬಡಾವಣೆಗಳು. ಅವುಗಳ ನಡುವೆ ಹಾದ ಜೋಗೂ ರಸ್ತೆಯ ಬದಿಯಲ್ಲಿ ಸಿಟಿ ಸ್ಟೇಡಿಯಂ ಎಂದು ಹೆಸರಾದ ಮೈದಾನವಿದೆ. ಪಕ್ಕದ ಮಾಂಸದ ಮಾರುಕಟ್ಟೆಯ ಹೆಸರು ಬರ್ಮಾ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಹೋರಾಡಿದ ಆಫ್ರಿಕನ್ ಸೈನಿಕರ ನೆನಪು ಅದು.

ಮುಂಬೈ ಸೇರಿದ ನಮ್ಮ ಕರಾವಳಿಯವರು ಸಮುದಾಯದ ಸಂಘ, ರಾತ್ರಿ ಶಾಲೆ ಕಟ್ಟಿಕೊಂಡ ಹಾಗೆಯೇ ಈ ಜನರೂ ಸಂಘ ಕಟ್ಟಿದರು. ಲುವೋ ಯೂನಿಯನ್, ಅಬಾಲುಹ್ಯಾ ಅಸೋಸಿಯೇಷನ್ ಮುಂತಾದವು ನಗರದಲ್ಲಿ ತೀರಿಕೊಂಡವರ ದೇಹವನ್ನು ಊರಿಗೆ ಕಳಿಸುತ್ತಿದ್ದವು, ಕೆಲಸ ಕಳೆದುಕೊಂಡವರ ಕೈ ಹಿಡಿಯುತ್ತಿದ್ದವು. ಈ ಸಂಘಗಳ ನೆರಳಿನಲ್ಲೇ ಫುಟ್‌ಬಾಲ್ ತಂಡಗಳೂ ಬೆಳೆದವು. ಸ್ವಾತಂತ್ರ್ಯದ ಮರುವರ್ಷ, 1964ರಲ್ಲಿ, ಲುಹ್ಯಾ ತಂಡಗಳು ಒಂದಾಗಿ ಅಬಾಲುಹ್ಯಾ ಯುನೈಟೆಡ್ ಆಯಿತು. 1968ರಲ್ಲಿ ಲುವೋ ತಂಡಗಳು ಕೂಡಿ ಗೋರ್ ಮಹಿಯಾ ಹುಟ್ಟಿತು; ಮಂತ್ರಶಕ್ತಿಗೆ ಹೆಸರಾಗಿದ್ದ ಹಳೆಯ ಲುವೋ ವೈದ್ಯನೊಬ್ಬನ ಹೆಸರನ್ನೇ ತಂಡಕ್ಕಿಟ್ಟರು. ಯಾವ ಸಿರಿವಂತನೂ ಈ ಕ್ಲಬ್ಬುಗಳನ್ನು ಕೊಂಡಿರಲಿಲ್ಲ. ಸದಸ್ಯರು ಚಂದಾ ಕೊಟ್ಟರು, ಪದಾಧಿಕಾರಿಗಳನ್ನು ಮತ ಹಾಕಿ ಆರಿಸಿದರು. ಸದಸ್ಯತ್ವದ ಕಾರ್ಡಿಲ್ಲದವನೂ ತಾನು ಒಡೆಯನೆಂದೇ ಬಗೆದ. ಭಾನುವಾರದ ತಂಡದಲ್ಲಿ ಯಾರಿರಬೇಕು ಎಂದು ಹೇಳುವ ಅಧಿಕಾರ ಸಹಜವಾಗಿಯೇ ಅವನ ಪಾಲಿಗೆ ಬಂತು.

ಆ ಕಾಲದ ಚರ್ಚೆಗೆ ಒಬ್ಬ ನಾಯಕನಿದ್ದ. ಜೋ ಕಡೆಂಗೆ, ಅಬಾಲುಹ್ಯಾ ತಂಡದ ಮುನ್ಪಡೆಯ ಆಟಗಾರ. ಚೆಂಡು ಕಾಲಿಗೆ ಬಂದರೆ ಎದುರಾಳಿಯ ಮೈಮೇಲೇ ಹೋಗಿ ದಾಟಿಸಿಕೊಂಡು ಬರುವ ಚಾಳಿ ಅವರದು. ರೇಡಿಯೋದಲ್ಲಿ ಲಿಯೊನಾರ್ಡ್ ಮಾಂಬೊ ಎಂಬೊಟೆಲಾ ಅವರ ವೀಕ್ಷಕ ವಿವರಣೆ ಹಳ್ಳಿಹಳ್ಳಿಗೂ ಮುಟ್ಟಿತು. ‘ಕಡೆಂಗೆ ನಾ ಎಂಪೀರಾ’, ಚೆಂಡು ಕಡೆಂಗೆಯ ಬಳಿ ಎಂಬ ಆ ಕೂಗು ಆಟ ನೋಡದವರ ಬಾಯಲ್ಲೂ ನಿಂತಿತು. ಒಬ್ಬನೇ ಚೆಂಡು ಹಿಡಿದು ನುಗ್ಗುವುದು ಚಂದವೋ, ನಾಲ್ಕು ಜನ ಹಂಚಿಕೊಂಡು ಹೋಗುವುದು ಗೆಲುವಿಗೆ ಹತ್ತಿರವೋ ಎಂಬ ಪ್ರಶ್ನೆಯನ್ನು ನೈರೋಬಿಯ ಮುಂದೆ ಇಟ್ಟವರು ಕಡೆಂಗೆ ಎಂದರೆ ತಪ್ಪಾಗದು. 2019ರ ಜುಲೈನಲ್ಲಿ ಅವರು ತೀರಿಕೊಂಡಾಗಲೂ ಆ ಪ್ರಶ್ನೆ ಹಾಗೇ ಇತ್ತು.

1980ರಲ್ಲಿ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಅವರ ಸರ್ಕಾರ ಬುಡಕಟ್ಟಿನ ಹೆಸರುಗಳನ್ನು ಕೈಬಿಡುವಂತೆ ಕ್ಲಬ್ಬುಗಳಿಗೆ ಹೇಳಿತು. ಅಬಾಲುಹ್ಯಾ ಎಎಫ್‌ಸಿ ಲೆಪರ್ಡ್ಸ್ ಆಯಿತು. ಅಭಿಮಾನಿಗಳು ಪ್ರೀತಿಯಿಂದ ಇಂಗ್ವೆ ಅಂದರೆ ಚಿರತೆ ಎಂದು ಕರೆದರು. ಗೋರ್ ಮಹಿಯಾ ಕೂಡ ಸ್ವಲ್ಪ ಕಾಲ ಗಲ್ಫ್ ಒಲಿಂಪಿಕ್ ಎಂಬ ಹೊಂದದ ಹೆಸರು ಹೊತ್ತು ಮತ್ತೆ ಹಳೆಯ ಹೆಸರಿಗೆ ಮರಳಿತು. ಹೆಸರು ಬದಲಾದರೂ ಗ್ಯಾಲರಿಯಲ್ಲಿ ಕೂತವರು ಬದಲಾಗಲಿಲ್ಲ. ಎರಡೂ ತಂಡಗಳ ಪಂದ್ಯಕ್ಕೆ ಇಂದಿಗೂ ಮಶೆಮೇಜಿ ಡರ್ಬಿ ಎನ್ನುತ್ತಾರೆ, ಭಾವಂದಿರ ಪಂದ್ಯ. ಲುವೋ ಮತ್ತು ಲುಹ್ಯಾ ಮನೆತನಗಳ ನಡುವೆ ಹೆಣ್ಣು ಕೊಟ್ಟು ತರುವ ರೂಢಿ ಹಳೆಯದು. ಹಾಗಾಗಿ ಆ ಕಡೆಯ ಮುನ್ಪಡೆ ಆಟಗಾರ ಈ ಕಡೆಗೆ ಬಂದರೆ ಅದು ಬೀಗರ ಮನೆಯ ವಿಷಯವಾಗುತ್ತದೆ, ಊಟದ ಎಲೆಯ ಮುಂದೆಯೂ ಮಾತು ಮುಗಿಯುವುದಿಲ್ಲ.

ಎಂಬತ್ತರ ದಶಕ ಈ ಮಾತುಗಾರಿಕೆಯ ಸುಗ್ಗಿ. ಅಭಿಮಾನಿಗಳು ಆಟಗಾರನ ಆಟವನ್ನು ಒಂದೇ ಪದದಲ್ಲಿ ಅಳೆದು ಅಡ್ಡಹೆಸರಿಡುತ್ತಿದ್ದರು. 1978ರ ವಿಶ್ವಕಪ್ ಗೆಲ್ಲಿಸಿದ ಅರ್ಜೆಂಟೀನಾದವನ ನೆನಪಿಗೆ ಗೋರ್ ಮಹಿಯಾದ ಸ್ಯಾಮಿ ಒವಿನೊ ‘ಕೆಂಪೆಸ್’ ಆದರು. ದಣಿವಿಲ್ಲದೆ ಓಡುವ ಚಾರ್ಲ್ಸ್ ಒಟಿಯೆನೊ ‘ಎಂಜಿನ್’, ಸ್ಯಾಮಿ ಒನ್ಯಾಂಗೊ ‘ಜೋಗೂ’, ಅಂದರೆ ಹುಂಜ. ಎದುರು ಪಾಳೆಯದಲ್ಲಿ ಲೆಪರ್ಡ್ಸ್‌ನ ಗೋಲು ಹೊಡೆಯುವ ಕಾಲು ಜೆ. ಜೆ. ಮಸಿಗಾ ಅವರದು, ಅವರು ದಂತವೈದ್ಯರೂ ಹೌದು. ಲೆಪರ್ಡ್ಸ್ 1982, 83, 84ರಲ್ಲಿ ಸತತ ಮೂರು ಬಾರಿ ಪೂರ್ವ ಮತ್ತು ಮಧ್ಯ ಆಫ್ರಿಕಾದ ಕ್ಲಬ್ ಪಟ್ಟ ಗೆದ್ದಿತು. 1987ರಲ್ಲಿ ಗೋರ್ ಮಹಿಯಾ ಅದಕ್ಕೂ ದೊಡ್ಡದನ್ನು ಗೆದ್ದಿತು. ಆಫ್ರಿಕನ್ ಕಪ್ ವಿನ್ನರ್ಸ್ ಕಪ್ ಫೈನಲ್ಲಿನಲ್ಲಿ ಟ್ಯುನೀಷಿಯಾದ ಎಸ್ಪೆರಾನ್ಸ್ ಎದುರು ಟ್ಯುನಿಸ್‌ನಲ್ಲಿ 2–2, ನೈರೋಬಿಯ ಕಸಾರಾನಿಯಲ್ಲಿ 1–1. ಎದುರಾಳಿಯ ನೆಲದಲ್ಲಿ ಹೊಡೆದ ಗೋಲು ಹೆಚ್ಚೆಂಬ ನಿಯಮದಿಂದ ಕಪ್ ಕೆನ್ಯಾಕ್ಕೆ ಬಂತು. ಪರದೇಶದಲ್ಲಿ ಕಾಯುತ್ತಾ ಕೂರದೆ ಮುನ್ನುಗ್ಗಿ ಆಡಬೇಕು ಎಂದು ವಾದಿಸುವವರಿಗೆ ಆ ಎರಡು ಟ್ಯುನಿಸ್ ಗೋಲುಗಳಿಗಿಂತ ಗಟ್ಟಿ ಸಾಕ್ಷಿ ಬೇಕಾಗಲಿಲ್ಲ. ಅಲ್ಲಿಂದ ಈಚೆಗೆ ಕೆನ್ಯಾದ ಯಾವ ಕ್ಲಬ್ಬೂ ಆಫ್ರಿಕಾ ಖಂಡದ ಕಪ್ ಮುಟ್ಟಿಲ್ಲ.

ಬಳಿಕ ಆಟ ಬಡವಾಯಿತು. ಗೋರ್ ಮಹಿಯಾ 1995ರ ನಂತರ ಹದಿನೆಂಟು ವರ್ಷ ಲೀಗ್ ಪಟ್ಟ ಕಾಣಲಿಲ್ಲ. ಲೆಪರ್ಡ್ಸ್ 1998ರಲ್ಲಿ ಗೆದ್ದದ್ದೇ ಕೊನೆ. ಮೈದಾನ ಖಾಲಿಯಾದರೂ ಮಾತಿನ ಹಸಿವು ಉಳಿದಿತ್ತು. ಅದನ್ನು ಟಿ.ವಿ. ತುಂಬಿತು. ಉಪಗ್ರಹ ವಾಹಿನಿಗಳು ಇಂಗ್ಲಿಷ್ ಲೀಗನ್ನು ಹೊತ್ತು ತಂದವು. ಬಡಾವಣೆಗಳ ತಗಡಿನ ವಿಡಿಯೋ ಶೆಡ್ಡುಗಳಲ್ಲಿ ಚಿಲ್ಲರೆ ಕೊಟ್ಟು ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ ನೋಡುವುದು ವಾರಾಂತ್ಯದ ವ್ರತವಾಯಿತು. 2007ರಲ್ಲಿ ಜಿಟಿವಿ ಎಂಬ ಹೊಸ ಸಂಸ್ಥೆ ಅಗ್ಗದ ದರಕ್ಕೆ ಪಂದ್ಯ ತೋರಿಸಲು ಬಂದು, 2009ರ ಜನವರಿಯಲ್ಲಿ ದಿಢೀರನೆ ಬಾಗಿಲು ಹಾಕಿಕೊಂಡಿತು. ನೈರೋಬಿಯ ಫುಟ್‌ಬಾಲನ್ನು ಇಂಗ್ಲಿಷ್ ಲೀಗು ನುಂಗಿತು ಎಂದು ಬೇಸರಪಡುವವರು ಬಹಳ. ನನ್ನ ಎಣಿಕೆ ಬೇರೆ. ಟಿ.ವಿ. ಅವರಿಗೆ ಹೊಸ ಮಾತು ಕಲಿಸಿತು: ಯಾವ ಜಾಗದಲ್ಲಿ ಯಾರು ಎಷ್ಟು ಮುಂದೆ ನಿಲ್ಲಬೇಕು, ಚೆಂಡು ಕಳೆದುಕೊಂಡ ಕ್ಷಣ ಏನು ಮಾಡಬೇಕು ಎಂಬುದನ್ನು ಬಿಡಿಸಿ ಹೇಳುವ ಮಾತು. ಆ ಮಾತು ತಮ್ಮದೇ ಹುಡುಗನಿಗೆ ಅನ್ವಯವಾದ ದಿನ ಅದರ ಬೆಲೆ ತಿಳಿಯಿತು.

ಆ ಹುಡುಗ ಮೈಕೆಲ್ ಒಲುಂಗಾ. ನೈರೋಬಿಯಲ್ಲೇ ಬೆಳೆದ ಎತ್ತರದ ಎಡಗಾಲಿನ ಆಟಗಾರ, ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. 2015ರಲ್ಲಿ ಗೋರ್ ಮಹಿಯಾ ಸೇರಿ ಆ ಲೀಗಿನಲ್ಲಿ 19 ಗೋಲು ಹೊಡೆದ. ಸ್ಕಾಟ್ಲೆಂಡಿನ ಕೋಚ್ ಫ್ರಾಂಕ್ ನಟಾಲ್ ಕೈಕೆಳಗೆ ತಂಡ ಒಂದೂ ಪಂದ್ಯ ಸೋಲದೆ ಪಟ್ಟ ಗೆದ್ದಿತು. 1976ರ ನಂತರ ಮತ್ತೆ ಕಂಡ ಸಾಧನೆ ಅದು. ಜೊತೆಗೆ ಮೆಡ್ಡಿ ಕಗೆರೆ ಇದ್ದರು, ನಡುವೆ ಉಗಾಂಡಾದ ಖಾಲಿದ್ ಔಚೊ. ಎಡಬದಿಯಿಂದ ಉಗಾಂಡಾದವರೇ ಆದ ಗಾಡ್‌ಫ್ರೆ ವಾಲುಸಿಂಬಿ ತೂಗಿ ಬಿಡುವ ಚೆಂಡಿಗೆ ಒಲುಂಗಾನ ಎತ್ತರ ಹೇಳಿಮಾಡಿಸಿದಂತಿತ್ತು.

ಋತು ಮುಗಿಯುತ್ತಲೇ ಸ್ವೀಡನ್ನಿನ ಯೂರ್ಗೋರ್ಡೆನ್ ಕ್ಲಬ್ಬಿನಿಂದ ಕರೆ ಬಂತು. ಬಿಡಬೇಕೇ, ಇಟ್ಟುಕೊಳ್ಳಬೇಕೇ? ಒಂದು ಪಕ್ಷ ಹೇಳಿತು, ಹುಡುಗನ ಬಾಳು ದೊಡ್ಡದು, ಹೋಗಲಿ. ಇನ್ನೊಂದು ಪಕ್ಷದ ಲೆಕ್ಕ ಸೂಕ್ಷ್ಮವಾಗಿತ್ತು: ಅವನೊಬ್ಬನೇ ಹೋಗುವುದಿಲ್ಲ, ಅವನಿಗಾಗಿ ಕಟ್ಟಿದ ಆಟದ ಧಾಟಿಯೂ ಹೋಗುತ್ತದೆ, ಅಂಚಿನಿಂದ ಚೆಂಡು ಬಂದರೂ ತಲೆ ಕೊಡುವವನಿಲ್ಲದಿದ್ದರೆ ಏನು ಫಲ? ಒಲುಂಗಾ ಹೊರಟ. ನಟಾಲ್ ಕೂಡ ಹೊರಟರು. ಇಟಲಿಯಲ್ಲಿ ಆಡಿ ಹೆಸರಾಗಿದ್ದ ಬ್ರೆಜಿಲಿನ ಜೆ ಮರಿಯಾ ಕೋಚ್ ಆಗಿ ಬಂದರು. 2016ರ ಪಟ್ಟ ಬಿಯರ್ ಕಂಪನಿಯ ತಂಡ ಟಸ್ಕರ್ ಪಾಲಾಯಿತು. ಎರಡೂ ಪಕ್ಷಗಳ ಮಾತು ನಿಜವಾಯಿತು. ತಂಡ ನರಳಿತು, ಒಲುಂಗಾ ಚೀನಾ, ಸ್ಪೇನ್ ದಾಟಿ ಜಪಾನಿನ ಕಾಶಿವಾ ರೆಯ್ಸೋಲ್ ಸೇರಿದ. 2019ರ ನವೆಂಬರಿನಲ್ಲಿ ಕ್ಯೋಟೊ ತಂಡದ ಎದುರು ಒಂದೇ ಪಂದ್ಯದಲ್ಲಿ ಎಂಟು ಗೋಲು, 2020ರ ಜೆ1 ಲೀಗಿನಲ್ಲಿ 28 ಗೋಲು ಹೊಡೆದು ವರ್ಷದ ಶ್ರೇಷ್ಠ ಆಟಗಾರನಾದ. ಅಂಗಡಿಯ ಬೆಂಚಿನ ಮೇಲೆ ಕೂತು ಇಬ್ಬರು ಮಾಡಿದ ಎರಡು ಭವಿಷ್ಯಗಳೂ ನಿಜವಾದದ್ದು ಅವರ ಕಣ್ಣಿನ ಹದಕ್ಕೆ ಸಾಕ್ಷಿ. ಕ್ಲಬ್ಬಿನ ಕಚೇರಿಗಳಿಗಿಂತ ಈ ಕಣ್ಣುಗಳ ಮೇಲೆ ನನಗೆ ಹೆಚ್ಚು ನಂಬಿಕೆ.

2019ರ ಜನವರಿಯಲ್ಲಿ ಗೋರ್ ಮಹಿಯಾ ಡೆನಿಸ್ ಒಲಿಯೆಚ್ ಅವರನ್ನು ಕರೆತಂದಾಗಲೂ ಹೀಗೇ ಆಯಿತು. 2004ರ ಆಫ್ರಿಕಾ ಕಪ್ಪಿಗೆ ಕೆನ್ಯಾವನ್ನು ಒಯ್ದ ಗೋಲು ಅವರದು. ಫ್ರಾನ್ಸಿನಲ್ಲಿ ನಾಂತ್, ಒಸೇರ್ ಪರ ಆಡಿದ ವೀರ. ಹೆಸರಿಗೆ ಮಣಿದವರು ಕುಣಿದರು, ಮೂವತ್ಮೂರರ ಕಾಲು ಎಷ್ಟು ಓಡೀತು ಎಂದವರು ಕಾದು ನೋಡಿದರು. ಆ ವರ್ಷ ತುಂಬುವುದರೊಳಗೆ ಒಪ್ಪಂದ ಮುರಿದುಬಿತ್ತು.

ಅದೇ ವರ್ಷ ತೆರಿಗೆಯ ಜಗಳದಲ್ಲಿ ಬೆಟ್ಟಿಂಗ್ ಕಂಪನಿ ಸ್ಪೋರ್ಟ್‌ಪೇಸಾ ಕೆನ್ಯಾದ ಕ್ಲಬ್ಬುಗಳಿಗೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಎರಡು ವರ್ಷ ಹಿಂದಷ್ಟೇ ಅದರ ಹಣದಲ್ಲೇ ಎವರ್ಟನ್ ತಂಡ ದಾರ್ ಎಸ್ ಸಲಾಮಿಗೆ ಬಂದು ಗೋರ್ ಮಹಿಯಾ ಜೊತೆ ಆಡಿತ್ತು, ವೇಯ್ನ್ ರೂನಿ ದೂರದಿಂದ ಗೋಲು ಹೊಡೆದಿದ್ದರು. ಈಗ ಆಲ್ಜೀರಿಯಾಕ್ಕೆ ಪಂದ್ಯವಾಡಲು ಹೋಗುವ ವಿಮಾನದ ಖರ್ಚಿಗೂ ಅಭಿಮಾನಿಗಳು ಮೊಬೈಲಿನ ಎಂ-ಪೆಸಾದಲ್ಲಿ ಹಣ ಕೂಡಿಸಬೇಕಾಯಿತು. ಹಳೆಯ ಸಂಘದ ಚಂದಾ ಮೊಬೈಲಿಗೆ ಬಂದಿತ್ತು. ಸಂಬಳ ಸಿಗದ ಆಟಗಾರರು, ಕೋಚ್‌ಗಳು ಫಿಫಾ ಮೊರೆ ಹೊಕ್ಕರು. 2021ರ ಹೊತ್ತಿಗೆ ಎರಡೂ ಭಾವಂದಿರ ಕ್ಲಬ್ಬುಗಳ ಮೇಲೆ ಹೊಸಬರನ್ನು ಸೇರಿಸಿಕೊಳ್ಳಬಾರದೆಂಬ ನಿಷೇಧ ಬಿತ್ತು. ಕೊಳ್ಳುವುದೇ ನಿಂತ ಮೇಲೆ ಚರ್ಚೆ ಆಟದ ತಂತ್ರದ ಕಡೆಗೆ ತಿರುಗಿತು. ಲೆಪರ್ಡ್ಸ್‌ನ ಬೆಲ್ಜಿಯಂ ಕೋಚ್ ಪ್ಯಾಟ್ರಿಕ್ ಆಸೆಮ್ಸ್ ಮೀಸೆ ಮೂಡದ ಹುಡುಗರನ್ನು ಕಣಕ್ಕಿಳಿಸಿದರು. ಆ ಹುಡುಗರು ಎಡವಿದಾಗ ಗ್ಯಾಲರಿ ತೋರಿದ ತಾಳ್ಮೆ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ.

ಆಟದ ಮಾತು ರಾಜಕೀಯಕ್ಕೆ ಹರಿಯುವುದೂ ಅಲ್ಲಿ ಹೊಸದಲ್ಲ. ಮರೀಗಾ 2019ರ ನವೆಂಬರಿನಲ್ಲಿ ನೈರೋಬಿಯ ಕಿಬ್ರಾ ಕ್ಷೇತ್ರದ ಉಪಚುನಾವಣೆಗೆ ಆಳುವ ಪಕ್ಷದಿಂದ ನಿಂತರು, ರೈಲಾ ಒಡಿಂಗಾ ಪಕ್ಷದ ಅಭ್ಯರ್ಥಿಯ ಎದುರು ಸೋತರು. ಗೋರ್ ಮಹಿಯಾದ ಪೋಷಕರಾಗಿದ್ದ ರೈಲಾ 2025ರ ಅಕ್ಟೋಬರ್ 15ರಂದು ಚಿಕಿತ್ಸೆಗೆಂದು ಬಂದಿದ್ದ ನಮ್ಮ ನೆರೆಯ ಕೇರಳದಲ್ಲಿ ತೀರಿಕೊಂಡರು. ಮರುದಿನ ಅವರ ದೇಹವನ್ನು ಜನರ ದರ್ಶನಕ್ಕೆ ಒಯ್ದದ್ದು ಕಸಾರಾನಿ ಸ್ಟೇಡಿಯಮ್ಮಿಗೆ.

ಅದಕ್ಕೆ ಎರಡು ತಿಂಗಳ ಹಿಂದೆ, ಆಗಸ್ಟಿನಲ್ಲಿ, ಅದೇ ಕಸಾರಾನಿಯಲ್ಲಿ ಆಫ್ರಿಕನ್ ನೇಷನ್ಸ್ ಚಾಂಪಿಯನ್‌ಶಿಪ್ ಪಂದ್ಯಗಳು ನಡೆದಿದ್ದವು. ದಕ್ಷಿಣ ಆಫ್ರಿಕಾದ ಬೆನ್ನಿ ಮೆಕಾರ್ಥಿ ಕೆನ್ಯಾದ ಕೋಚ್. ಟಸ್ಕರ್ ತಂಡದ ಯುವಕ ರಯನ್ ಓಗಮ್ ಹೊಡೆದ ಒಂದೇ ಗೋಲಿನಿಂದ ಕೆನ್ಯಾ ಮೊರಾಕೊವನ್ನು ಸೋಲಿಸಿತು. ಜಾಂಬಿಯಾ ವಿರುದ್ಧದ ಗೆಲುವಿನ ಗೋಲೂ ಅವನದೇ. ಕ್ವಾರ್ಟರ್ ಫೈನಲ್ಲಿನಲ್ಲಿ ಮಡಗಾಸ್ಕರ್ ಎದುರು ಪೆನಾಲ್ಟಿಯಲ್ಲಿ ತಂಡ ಹೊರಬಿತ್ತು. ತಿಂಗಳು ಮುಗಿಯುವ ಹೊತ್ತಿಗೆ ಓಗಮ್ ಆಸ್ಟ್ರಿಯಾದ ವುಲ್ಫ್ಸ್‌ಬರ್ಗರ್ ಕ್ಲಬ್ಬಿಗೆ ಸಹಿ ಹಾಕಿದ್ದ. ಇನ್ನೊಂದು ವರ್ಷ ಇಲ್ಲೇ ಆಡಿ ಮಾಗಬೇಕಿತ್ತು ಎನ್ನುವವರೂ ಇದ್ದಾರೆ, ಒಲುಂಗಾ ಹೋದ ದಾರಿಯೇ ಸರಿ ಎನ್ನುವವರೂ ಇದ್ದಾರೆ. 2027ರ ಆಫ್ರಿಕಾ ಕಪ್ಪನ್ನು ಕೆನ್ಯಾ, ಉಗಾಂಡಾ, ಟಾಂಜಾನಿಯಾ ಸೇರಿ ನಡೆಸುತ್ತವೆ. ನೈರೋಬಿಯ ಎನ್ಗೊಂಗ್ ರಸ್ತೆಯ ಬಳಿ ಅದಕ್ಕಾಗಿಯೇ ಅರವತ್ತು ಸಾವಿರ ಜನ ಕೂರುವ ತಲಾಂಟಾ ಸ್ಟೇಡಿಯಂ ಏಳುತ್ತಿದೆ. ಅಲ್ಲಿ ಕೆನ್ಯಾದ ಮುಂದಿನ ಸಾಲಿನಲ್ಲಿ ಓಗಮ್ ಒಬ್ಬನೇ ನಿಲ್ಲಬೇಕೋ, ಮಗ್ಗುಲಲ್ಲಿ ಇನ್ನೊಬ್ಬ ಬೇಕೋ ಎಂಬ ತಕರಾರು ಈಗಲೇ ಶುರುವಾಗಿದೆ.