ಹಿಡಿದ ಕೈ ಬಿಡಿಸುವ ವಿಜ್ಞಾನ

ಶಹಾಬಾದಿನ ಗಣಿಯಲ್ಲಿ ಫರ್ಸಿ ಕಲ್ಲು ಎಬ್ಬಿಸುವುದನ್ನು ನೋಡಿದ್ದೀರಾ? ನಾಲ್ಕು ಜನ ಎತ್ತಲಾಗದ ಕಲ್ಲನ್ನು ಒಬ್ಬರೇ ಹಾರೆಯಿಂದ ಮೀಟುತ್ತಾರೆ. ಹಾರೆ ಒಂದು ಸನ್ನೆ. ನಿಮ್ಮ ಮುಂಗೈಯನ್ನೂ ಹಾಗೆಯೇ ಬಳಸಬಹುದು.

ಶಿಕ್ಷಕರ ಎದುರಿನಲ್ಲಿ, ನಿಧಾನವಾಗಿ ಮಾಡಿ ನೋಡಿ. ಗೆಳತಿ ನಿಮ್ಮ ಮಣಿಕಟ್ಟು ಹಿಡಿಯಲಿ. ನೇರವಾಗಿ ಹಿಂದಕ್ಕೆ ಎಳೆದರೆ ಕೈ ಸುಲಭವಾಗಿ ಬರುವುದಿಲ್ಲ. ಈಗ ಅವಳ ಹಿಡಿತ ಗಮನಿಸಿ. ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳೊಂದೇ. ಮಣಿಕಟ್ಟಿನ ಕಿರಿದಾದ ಅಂಚನ್ನು ಹೆಬ್ಬೆರಳಿನ ಕಡೆಗೆ ತಿರುಗಿಸಿ. ಮೊಣಕೈಯನ್ನು ಅವಳತ್ತ ತಳ್ಳುತ್ತ ಮುಷ್ಟಿಯನ್ನು ನಿಮ್ಮ ಭುಜದತ್ತ ತನ್ನಿ. ಕೈ ಜಾರಿ ಬಂತಲ್ಲವೇ? ನಿಮ್ಮ ಇಡೀ ಮುಂಗೈಯ ಎದುರು ಒಂದು ಹೆಬ್ಬೆರಳು ಸೋತಿತು.

ಕರಾಟೆ, ಜುಡೊ ಎರಡರಲ್ಲೂ ಈ ಉಪಾಯ ಕಲಿಸುತ್ತಾರೆ. ಹಾಗಾದರೆ ಯಾವ ಕಲೆ ಒಳ್ಳೆಯದು?

ಟೇಕ್ವಾಂಡೊದಲ್ಲಿ ಒದೆತವೇ ಮುಖ್ಯ. ಒಂದು ಕಾಲು ಎತ್ತಿದರೆ ದೇಹದ ಭಾರಕ್ಕೆ ಉಳಿಯುವ ಆಧಾರ ಒಂದೇ ಪಾದ. ಮಳೆಗಾಲದಲ್ಲಿ ಸೇಡಂ, ಚಿತ್ತಾಪುರದ ಎರೆಮಣ್ಣಿನ ದಾರಿಯಲ್ಲಿ ಎರಡು ಕಾಲಲ್ಲಿ ನಡೆಯುವುದೇ ಕಷ್ಟ! ಕುಸ್ತಿಯವರು ಕಾಲು ಅಗಲಿಸಿ, ಮಂಡಿ ಬಗ್ಗಿಸಿ ನಿಲ್ಲುತ್ತಾರೆ. ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಬೀಳಿಸುವುದು ಕಷ್ಟವಾಗುತ್ತದೆ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ರೂಪಿಸಿದ ಜುಡೊದಲ್ಲಿ ಎದುರಾಳಿಯ ಸಮತೋಲ ತಪ್ಪಿಸಿ ಎಸೆಯುತ್ತಾರೆ. ಪೆಟ್ಟಾಗದಂತೆ ಬೀಳುವುದನ್ನೂ ಕಲಿಸುತ್ತಾರೆ. ಆದರೆ ಇದನ್ನು ಫರ್ಸಿ ನೆಲದ ಮೇಲೆ ಕಲಿಯಬೇಡಿ. ಕುಸ್ತಿಯ ಕಣದ ಸಡಿಲ ಮಣ್ಣು ತುಸು ಕುಸಿದು, ಬೀಳುವ ದೇಹವನ್ನು ನಿಧಾನವಾಗಿ ನಿಲ್ಲಿಸುತ್ತದೆ. ಅದರಿಂದ ಪೆಟ್ಟು ಕಡಿಮೆ. ಕಲ್ಲು ತಟ್ಟನೆ ನಿಲ್ಲಿಸುತ್ತದೆ.

ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಇದೆ. ಅಲ್ಲಿ ಸಾಲಾಗಿ ನಿಂತು ಗಾಳಿಗೆ ಗುದ್ದುವುದು ನೋಡಲು ಚೆಂದ. ಆದರೆ ಗಾಳಿ ನಿಮ್ಮ ಕೈ ಹಿಡಿಯುವುದಿಲ್ಲ! ನನ್ನ ಮಟ್ಟಿಗೆ ಕಲೆಯ ಹೆಸರಿಗಿಂತ, ನಿಜವಾಗಿ ಹಿಡಿದು ಎಳೆಯುವ ಜೊತೆಗಾರರೊಡನೆ ಅಭ್ಯಾಸ ಮಾಡಿಸುವುದು ಮುಖ್ಯ.

ಇನ್ನೊಂದು ಮಾತು. ಕುಸ್ತಿ, ಜುಡೊ ಸ್ಪರ್ಧೆಗಳಲ್ಲಿ ಆಟಗಾರರನ್ನು ತೂಕದ ಪ್ರಕಾರ ವಿಂಗಡಿಸುತ್ತಾರೆ. 30 ಕಿಲೊ ಹುಡುಗಿಯನ್ನು 60 ಕಿಲೊದವರ ಎದುರು ಇಳಿಸುವುದಿಲ್ಲ. ದಾರಿಯಲ್ಲಿ ಈ ನಿಯಮ ಇಲ್ಲ. ದೊಡ್ಡವರ ಹಿಡಿತ ಒಂದೇ ಸಲಕ್ಕೆ ಬಿಡದಿರಬಹುದು. ಆದ್ದರಿಂದ ಮೊದಲು ಜೋರಾಗಿ ಕೂಗಿ. ಕೈ ಬಿಟ್ಟ ಕೂಡಲೇ ಜನರಿರುವ ಕಡೆ ಓಡಿ. ನಿಂತು ಗುದ್ದಲು ಹೋಗಬೇಡಿ. ಹಿಡಿದವರು ಪರಿಚಯದವರೇ ಆಗಿದ್ದರೂ ಅವ್ವನಿಗೋ ಶಿಕ್ಷಕರಿಗೋ ಹೇಳಿ. ಯಾವ ಫೋನಿನಿಂದಲಾದರೂ 1098 ಒತ್ತಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ. ಅದಕ್ಕೆ ದುಡ್ಡು ಬೇಕಿಲ್ಲ.