ವೀರನು ಯಾರ ಪೈಕಿ?

ಕಳೆದ ಬೇಸಗೆಯ ರಜೆಯಲ್ಲಿ ಅರಸೀಕೆರೆಯ ಕಡೆಯ ಒಂದು ಹಳ್ಳಿಗೆ ನಂಟರ ಮನೆಯ ಮದುವೆಗೆಂದು ಹೋಗಿದ್ದೆನು. ಊಟವಾದ ಮೇಲೆ ಕೆರೆಯ ಏರಿಯ ಕಡೆ ಅಡ್ಡಾಡುತ್ತಿರಲು, ಹುಣಸೆಮರದ ಬುಡದಲ್ಲಿ ವಾಲಿಕೊಂಡು ನಿಂತಿದ್ದ ಒಂದು ವೀರಗಲ್ಲು ಕಣ್ಣಿಗೆ ಬಿದ್ದಿತು. ಅದನ್ನು ನೋಡುತ್ತ ನಿಂತಿದ್ದಾಗ ಹತ್ತು ವರ್ಷದ ಹುಡುಗನೊಬ್ಬ ಬಂದು ಪಕ್ಕದಲ್ಲಿ ನಿಂತನು. ಅವನ ಅಂಗಿಯ ಎದೆಯ ಮೇಲೆ ಬಾವಲಿಯ ಚಿತ್ರವಿದ್ದಿತು.

“ಅಣ್ಣ, ಇವನೂ ಬ್ಯಾಟ್‌ಮ್ಯಾನ್ ತರಾನೇ ಅಲ್ವಾ?” ಎಂದನು.

“ಹೌದಪ್ಪ, ಅವನ ಹಾಗೆಯೇ. ಊರನ್ನು ಕಾಯಲು ಹೋಗಿ ಸತ್ತವನು” ಎಂದೆ.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ಇವನು ಯಾರ ಪೈಕಿ?” ಎಂದು ಕೇಳಿದನು.

ನಮ್ಮ ಕಡೆ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಆ ದಿನ ಮದುವೆಯ ಚಪ್ಪರದಲ್ಲಿ ನನ್ನನ್ನೂ ನಾಲ್ಕು ಮಂದಿ ಹಾಗೆ ಕೇಳಿದ್ದರು. ಆದರೆ ಒಂದು ಸಂಗತಿ ನನಗೆ ಸೋಜಿಗವಾಗಿ ತೋರಿತು. ತನ್ನ ಎದೆಯ ಮೇಲಿದ್ದ ಬ್ಯಾಟ್‌ಮ್ಯಾನ್ ಯಾರ ಪೈಕಿ ಎಂದು ಆ ಹುಡುಗ ಎಂದೂ ಕೇಳಿರಲಾರನು. ನಮ್ಮೂರ ಕಲ್ಲಿನ ವೀರನನ್ನು ಕಂಡೊಡನೆ ಕೇಳಿದನು. ಹೀಗೇಕೆ? ವೀರನಿಗೆ ಮತವೆಂಬುದು ಉಂಟೇ? ಇದ್ದರೆ ಅದರಿಂದ ಅವನ ವೀರತ್ವಕ್ಕೆ ಆಗುವುದೇನು? ಈ ಪ್ರಶ್ನೆಗಳನ್ನು ಕುರಿತು ನನಗೆ ತೋಚಿದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಆ ಹುಡುಗನ ಅಂಗಿಯ ಮೇಲಿನ ವೀರರನ್ನೇ ನೋಡೋಣ. ಅಮೆರಿಕದ ಚಿತ್ರಕಥೆಗಳ ವೀರರಿಗೆ ಮತವಿಲ್ಲವೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಬಹುಕಾಲ ಹೇಳದೆ ಉಳಿದ ಮಾತು. ೧೯೩೮ರಲ್ಲಿ ಸೂಪರ್‌ಮ್ಯಾನ್‌ನನ್ನು ಲೋಕಕ್ಕೆ ತಂದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ತರುಣರು ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ನಾಶವಾಗಲಿರುವ ಲೋಕದಿಂದ ತಂದೆತಾಯಿಗಳು ಹಸುಗೂಸನ್ನು ಪುಟ್ಟ ನೌಕೆಯಲ್ಲಿಟ್ಟು ಕಳುಹಿಸುವ ಕಥೆಯನ್ನು ಓದಿದರೆ, ಬುಟ್ಟಿಯಲ್ಲಿಟ್ಟು ನೈಲ್ ನದಿಯ ದಡದಲ್ಲಿ ಬಿಟ್ಟ ಮೋಸೆಸ್ ನೆನಪಿಗೆ ಬರುತ್ತಾನೆ. ನಮಗಾದರೆ ಗಂಗೆಯಲ್ಲಿ ತೇಲಿಬಂದ ಕರ್ಣನ ಪೆಟ್ಟಿಗೆ ನೆನಪಾಗುತ್ತದೆ. ಆ ಕೂಸಿನ ಹುಟ್ಟುಹೆಸರು ಕಲ್-ಎಲ್. ‘ಎಲ್’ ಎಂದರೆ ಹೀಬ್ರೂ ಭಾಷೆಯಲ್ಲಿ ದೇವರು. ಆದರೂ ಕಥೆಯೊಳಗೆ ಅವನು ಕ್ಲಾರ್ಕ್ ಕೆಂಟ್ ಎಂಬ ಸಾಧಾರಣ ಹೆಸರಿನ ಅಮೆರಿಕದ ಯುವಕನಾಗಿಯೇ ಬಾಳುತ್ತಾನೆ.

ವೀರರು ಮಾತ್ರವಲ್ಲ, ಅವರನ್ನು ಸೃಷ್ಟಿಸಿದವರೂ ಹೆಸರು ಬದಲಿಸಿಕೊಂಡರು. ೧೯೪೧ರಲ್ಲಿ ಜೋ ಸೈಮನ್‌ನೊಡನೆ ಕ್ಯಾಪ್ಟನ್ ಅಮೆರಿಕನನ್ನು ರೂಪಿಸಿ, ಮೊದಲ ಸಂಚಿಕೆಯ ಮುಖಪುಟದಲ್ಲಿಯೇ ಅವನಿಂದ ಹಿಟ್ಲರನಿಗೆ ಗುದ್ದು ಕೊಡಿಸಿದ ಜ್ಯಾಕ್ ಕರ್ಬಿಯ ಹುಟ್ಟುಹೆಸರು ಜೇಕಬ್ ಕುರ್ಟ್ಸ್‌ಬರ್ಗ್. ಸ್ಟ್ಯಾನ್ ಲೀ ಎಂಬುವರ ಮೂಲ ಹೆಸರು ಸ್ಟ್ಯಾನ್ಲಿ ಲೀಬರ್. ಪರಕೀಯರೆನಿಸಿಕೊಂಡ ಜನ ಎಲ್ಲರಲ್ಲಿ ಒಬ್ಬರಾಗಿ ಬಾಳಲು ಹೆಸರಿನ ಗುರುತನ್ನು ಮರೆಮಾಡಬೇಕಾಗಿದ್ದ ಕಾಲವದು. ವೀರನು ಎಲ್ಲರಿಗೂ ಬೇಕಾಗಬೇಕಾದರೆ ಅವನು ಯಾರ ಪೈಕಿಯೂ ಆಗಿರಬಾರದೆಂಬುದು ಅಂದಿನ ನೀತಿ.

ಕ್ರಮೇಣ ಈ ಮೌನ ಮುರಿಯಿತು. ೧೯೬೪ರಲ್ಲಿ ಹುಟ್ಟಿದ ಕುರುಡು ವೀರ ಡೇರ್‌ಡೆವಿಲ್ ಮುಂದೆ ಕಥೋಲಿಕ ಕ್ರೈಸ್ತನಾಗಿ ಚಿತ್ರಿತನಾದನು. ಕಲ್ಲುಮೈಯ ‘ಥಿಂಗ್’ ಎಂಬ ವೀರ ೧೯೬೧ರಲ್ಲಿಯೇ ಹುಟ್ಟಿದ್ದರೂ, ಅವನು ಯಹೂದಿಯೆಂಬುದು ಕಥೆಯಲ್ಲಿ ಬಾಯಿಬಿಟ್ಟು ಹೇಳಲ್ಪಟ್ಟದ್ದು ೨೦೦೨ರಲ್ಲಿ. ನಲವತ್ತೊಂದು ವರ್ಷ ಅವನು ಹೊರಗೆ ತೋರದ ಪ್ರಾರ್ಥನೆಯೊಂದನ್ನು ಒಳಗೇ ಇಟ್ಟುಕೊಂಡಿದ್ದನೆಂದು ನಾವು ತಿಳಿಯಬಹುದು. ೨೦೧೩ರಲ್ಲಿ ಕಾಣಿಸಿಕೊಂಡ ಕಮಲಾ ಖಾನ್ ಎಂಬ ಬಾಲೆ ಪಾಕಿಸ್ತಾನದಿಂದ ಅಮೆರಿಕಕ್ಕೆ ಬಂದ ಮುಸ್ಲಿಂ ಮನೆತನದವಳು; ಅವಳು ಮೊದಲಿನಿಂದಲೇ ಅದನ್ನು ಮರೆಮಾಡಲಿಲ್ಲ. ಹೀಗೆ, ವೀರನಿಗೆ ಮತವಿದ್ದರೂ ಅವನು ಎಲ್ಲರವನಾಗಿರಬಲ್ಲನೆಂಬ ತಿಳಿವಳಿಕೆಗೆ ಆ ಚಿತ್ರಕಥೆಗಳು ಬಂದು ಮುಟ್ಟಲು ಅನೇಕ ದಶಕಗಳು ಬೇಕಾದವು.

ನಮ್ಮ ನಾಡಿನಲ್ಲಿ ಕಥೆ ಬೇರೆ. ಇಲ್ಲಿನ ವೀರನು ತನ್ನ ದೇವರನ್ನು ಎಂದೂ ಬಚ್ಚಿಡಲಿಲ್ಲ. ವೀರಗಲ್ಲೆಂಬುದು ಕಲ್ಲಿನಲ್ಲಿ ಕಡೆದ ಚಿತ್ರಕಥೆಯೇ ಸರಿ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಪುಸ್ತಕವನ್ನು ನಾವು ಮೇಲಿನಿಂದ ಕೆಳಕ್ಕೆ ಓದಿದರೆ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ದೃಶ್ಯ. ಮೇಲಿನದರಲ್ಲಿ ಅವನು ತನ್ನ ದೇವರ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುವುದು. ಹೆಚ್ಚಿನ ಕಲ್ಲುಗಳ ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗವಿದೆ. ವೀರನು ಜೈನನಾದರೆ ಅಲ್ಲಿ ಜಿನಬಿಂಬವಿರುತ್ತದೆ. ಆ ಹುಡುಗನ ಪ್ರಶ್ನೆಗೆ ಉತ್ತರ ಕಲ್ಲಿನ ತುದಿಯಲ್ಲಿಯೇ ಇದ್ದಿತು!

ಆದರೆ ಕೆಳಗಿನ ಪಟ್ಟಿಕೆಯನ್ನು ಗಮನಿಸಿ. ಅಲ್ಲಿ ಇಂತಹ ವ್ಯತ್ಯಾಸವಿಲ್ಲ. ತುರುಗಳನ್ನು ಹೊಡೆದುಕೊಂಡು ಹೋದವರನ್ನು ಅಟ್ಟಿಹೋದದ್ದು, ಊರಿಗೆ ಮುತ್ತಿಗೆ ಹಾಕಿದವರನ್ನು ತಡೆದದ್ದು, ಹೆಣ್ಣುಮಕ್ಕಳ ಮಾನ ಕಾಯಲು ಹೋರಾಡಿದ್ದು, ಇಲ್ಲವೇ ಒಡೆಯನ ಯುದ್ಧದಲ್ಲಿ ಮಡಿದದ್ದು, ಇವೇ ಮತ್ತೆ ಮತ್ತೆ ಬರುತ್ತವೆ. ಕಳ್ಳರು ಒಯ್ದ ಹಸುಗಳು ಯಾರ ಮನೆಯವೆಂದು ಕೇಳಿಕೊಂಡು ವೀರನು ಹೊರಟಿರಲಾರನು. ಮೇಲಿನ ಪಟ್ಟಿಕೆಯಲ್ಲಿ ದೇವರು ಬೇರೆ ಬೇರೆ, ಕೆಳಗಿನ ಪಟ್ಟಿಕೆಯಲ್ಲಿ ಕೆಲಸ ಒಂದೇ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಈ ಮಾತು ಹಳ್ಳಿಯ ವೀರನಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಪ್ರಾಂತ್ಯದ ಹೆಸರಾಂತ ವೀರರಾದ ಹೊಯ್ಸಳರ ಚರಿತ್ರೆಯೂ ಇದಕ್ಕೆ ಸಾಕ್ಷಿ. ಆ ವಂಶದ ಮೂಲಪುರುಷನೆನ್ನಲಾದ ಸಳನ ಕಥೆ ಎಲ್ಲರೂ ಬಲ್ಲದ್ದು. ಸೊಸೆವೂರಿನಲ್ಲಿ, ಎಂದರೆ ಇಂದಿನ ಅಂಗಡಿ ಗ್ರಾಮದಲ್ಲಿ, ಜೈನಮುನಿಯೊಬ್ಬನು “ಹೊಯ್ ಸಳ” ಎನ್ನಲು, ಸಳನು ಮೇಲೆ ಬಿದ್ದ ಹುಲಿಯನ್ನು ಹೊಡೆದು ಕೊಂದನೆಂಬುದು ಐತಿಹ್ಯ. ಇದು ಚರಿತ್ರೆಯೋ ಕಟ್ಟುಕಥೆಯೋ, ಅದಂತಿರಲಿ. ನಾವು ನೋಡಬೇಕಾದದ್ದು ಆ ಶಿಲ್ಪ ನಿಂತಿರುವ ಸ್ಥಳವನ್ನು. ಬೇಲೂರಿನ ಚೆನ್ನಕೇಶವನ ಗುಡಿಯ ಬಾಗಿಲ ಇಕ್ಕೆಲಗಳಲ್ಲಿ ಸಳನು ಹುಲಿಯೊಡನೆ ಹೋರಾಡುತ್ತಿದ್ದಾನೆ. ಜೈನಮುನಿಯ ಮಾತಿನಿಂದ ಹುಟ್ಟಿದ ಲಾಂಛನ ವಿಷ್ಣುವಿನ ಬಾಗಿಲನ್ನು ಕಾಯುತ್ತಿದೆ.

ಆ ಗುಡಿಯನ್ನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದವನು ವಿಷ್ಣುವರ್ಧನ. ಅವನು ಬಿಟ್ಟಿದೇವನೆಂಬ ಹೆಸರಿನ ಜೈನನಾಗಿದ್ದು, ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಸಂಪ್ರದಾಯ ಹೇಳುತ್ತದೆ. ಅವನ ಸುತ್ತಲಿದ್ದವರನ್ನು ನೋಡಿರಿ. ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟ ದಂಡನಾಯಕ ಗಂಗರಾಜ ಜೈನ. ಶ್ರವಣಬೆಳಗೊಳದ ಗೊಮ್ಮಟನ ಸುತ್ತ ಸುತ್ತಾಲಯವನ್ನು ಕಟ್ಟಿಸಿದವನು. ಪಟ್ಟದರಸಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ತಾಯಿಯ ಮತವನ್ನೇ ಹಿಡಿದ ಶಾಂತಲೆ ೧೧೨೩ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅದಕ್ಕೆ ಮೊದಲೇ ಬೇಲೂರಿನಲ್ಲಿ ಗಂಡನ ಗುಡಿಯ ಪಕ್ಕದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದ್ದವಳೂ ಅವಳೇ. ಹಳೇಬೀಡಿನ ಹೊಯ್ಸಳೇಶ್ವರ ಶಿವಾಲಯವು ೧೧೨೧ರ ಸುಮಾರಿಗೆ ಕೇತಮಲ್ಲನೆಂಬ ಅಧಿಕಾರಿಯ ಮೂಲಕ ಆರಂಭವಾಯಿತು. ಅಲ್ಲಿನ ಎರಡು ಲಿಂಗಗಳಲ್ಲಿ ಒಂದಕ್ಕೆ ಹೊಯ್ಸಳೇಶ್ವರನೆಂದೂ ಮತ್ತೊಂದಕ್ಕೆ ಶಾಂತಲೇಶ್ವರನೆಂದೂ ಹೆಸರು. ಜೈನ ರಾಣಿಯ ಹೆಸರಿನಲ್ಲಿ ಶಿವಲಿಂಗ!

ವಿಷ್ಣುವರ್ಧನನು ಮತ ಬದಲಿಸಿದ ಮೇಲೆ ಜೈನರನ್ನು ಹಿಂಸಿಸಿದನೆಂಬ ಕಥೆಗಳು ತರುವಾಯದ ಕಾಲದಲ್ಲಿ ಹುಟ್ಟಿಕೊಂಡವು. ಅವನ ಕಾಲದ ಶಾಸನಗಳು ಬೇರೆಯೇ ಹೇಳುತ್ತವೆ. ೧೧೩೩ರಲ್ಲಿ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವನ್ನು ತೆಗೆದುಕೊಂಡು ಪೂಜಾರಿಗಳು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರು. ಆಗ ತಾನೇ ಅವನು ಶತ್ರುವನ್ನು ಗೆದ್ದಿದ್ದನು, ಅವನಿಗೆ ಗಂಡುಮಗುವೂ ಹುಟ್ಟಿತ್ತು. ವೈಷ್ಣವ ದೊರೆ ಜಿನನ ಪ್ರಸಾದವನ್ನು ಭಕ್ತಿಯಿಂದ ಸ್ವೀಕರಿಸಿ, ಆ ದೇವರಿಗೆ ವಿಜಯಪಾರ್ಶ್ವನೆಂದೂ ತನ್ನ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಒಂದೇ ಗೆಲುವಿನ ಹೆಸರನ್ನು ಜಿನನಿಗೂ ಮಗನಿಗೂ ಹಂಚಿಕೊಟ್ಟಂತಾಯಿತು. ಇದರಲ್ಲಿ ರಾಜ್ಯದ ಅನುಕೂಲವೂ ಸೇರಿತ್ತೆಂದರೆ ತಪ್ಪಾಗದು. ಜೈನ ದಂಡನಾಯಕರನ್ನೂ ವರ್ತಕರನ್ನೂ ದೂರಮಾಡಿಕೊಂಡು ಯಾವ ದೊರೆ ಆಳಬಲ್ಲನು? ಹಾಗಿದ್ದರೂ, ಅನುಕೂಲಕ್ಕಾಗಿ ಜಗಳವಾಡುವವರಿಗಿಂತ ಅನುಕೂಲಕ್ಕಾಗಿ ಗೌರವಿಸುವವನು ಮೇಲಲ್ಲವೇ?

ನಮ್ಮ ಅರಸೀಕೆರೆಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ನಕ್ಷತ್ರಾಕಾರದ ಮಂಟಪವುಳ್ಳ ಈಶ್ವರ ದೇವಾಲಯವೂ, ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ೧೨೨೦ರ ಸುಮಾರಿನವು. ಇಮ್ಮಡಿ ಬಲ್ಲಾಳನ ಆಳ್ವಿಕೆಯ ಕೊನೆಯ ದಿನಗಳಲ್ಲಿ ಒಂದೇ ಊರಿನಲ್ಲಿ ಎರಡೂ ಕಡೆ ಉಳಿಯ ಸದ್ದು ಕೇಳುತ್ತಿದ್ದಿರಬೇಕು.

ಇಷ್ಟು ಹೇಳಿ ಮುಗಿಸಿದರೆ ಹಿಂದಿನವರೆಲ್ಲ ಸಂತರೆಂಬ ತಪ್ಪು ಭಾವನೆ ಉಂಟಾದೀತು. ವೀರಭಕ್ತಿ ಎಷ್ಟು ಕುರುಡಾಗಬಲ್ಲುದೆಂಬುದಕ್ಕೂ ಹಳೇಬೀಡಿನಲ್ಲಿಯೇ ನಿದರ್ಶನವಿದೆ. ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ನೆನಪಿನ ಗರುಡಸ್ತಂಭವಿದೆ. ಬಲ್ಲಾಳನು ಸತ್ತಾಗ ಅವನ ಅಂಗರಕ್ಷಕನಾಗಿದ್ದ ಲಕ್ಷ್ಮನು ತನ್ನ ವ್ರತದಂತೆ ಹೆಂಡತಿಯೊಡನೆ, ಅನುಚರರೊಡನೆ ಪ್ರಾಣಾರ್ಪಣೆ ಮಾಡಿದನು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಭಟರ ಚಿತ್ರಗಳು ಕಂಬದ ಮೇಲಿವೆ. ಇವರ ಮೇಲಿನ ಪಟ್ಟಿಕೆಯಲ್ಲಿ ದೇವರ ಸ್ಥಾನವನ್ನು ಒಡೆಯನೇ ತುಂಬಿದನೆನ್ನಬೇಕು. ಅವರ ನಿಷ್ಠೆಗೆ ಬೆರಗಾಗಬಹುದು. ಆದರೆ ಆ ಸಾವಿನಿಂದ ಯಾರ ಹಸುವೂ ಮನೆಗೆ ಮರಳಲಿಲ್ಲ, ಯಾವ ಊರೂ ಉಳಿಯಲಿಲ್ಲ.

ಇನ್ನು ಮತಗಳ ನಡುವೆ ವ್ಯಾಜ್ಯಗಳೂ ಆದವು. ಬೊಪ್ಪನು ಕಟ್ಟಿಸಿದ ಆ ಬಸದಿಯ ಕಂಬಗಳ ಮೇಲೆಯೇ ಹದಿನೇಳನೆಯ ಶತಮಾನದಲ್ಲಿ ವೀರಶೈವನೊಬ್ಬನು ಲಿಂಗಮುದ್ರೆಯನ್ನು ಒತ್ತಿದನು, ಜೈನನೊಬ್ಬನು ಅದನ್ನು ಅಳಿಸಿದನು. ವಿಷಯ ದೊಡ್ಡದಾಯಿತು. ೧೬೩೮ರ ಶಾಸನವು ಅದರ ಇತ್ಯರ್ಥವನ್ನು ತಿಳಿಸುತ್ತದೆ. ಮೊದಲು ವಿಭೂತಿ ವೀಳ್ಯಗಳನ್ನು ಕೊಡಿಸಿ, ಅನಂತರ ಜೈನರು ತಮ್ಮ ಪೂಜೆ ಉತ್ಸವಗಳನ್ನು ಹಿಂದಿನಂತೆಯೇ ನಡೆಸಿಕೊಳ್ಳತಕ್ಕದ್ದೆಂದು ವೀರಶೈವರ ಮಹಾಮಹತ್ತು ತೀರ್ಪಿತ್ತಿತು. ಅದಕ್ಕಿಂತ ಮಿಗಿಲಾದದ್ದೆಂದರೆ, ಈ ಜೈನಧರ್ಮಕ್ಕೆ ಅಡ್ಡಿಮಾಡುವವನು ಶಿವದ್ರೋಹಿಯೆಂದು ಶಿವಭಕ್ತರೇ ಸಾರಿದರು. ತನ್ನವರೇ ತಪ್ಪು ಮಾಡಿದಾಗ ತನ್ನ ದೇವರ ಹೆಸರಿನಲ್ಲಿಯೇ ಅವರನ್ನು ತಡೆಯುವುದು ಹುಲಿಯನ್ನು ಹೊಡೆಯುವುದಕ್ಕಿಂತ ಕಷ್ಟವಾದ ವೀರತ್ವವೆಂದು ನನ್ನ ನಂಬಿಕೆ. ಆ ತೀರ್ಪಿನ ವೀರರಿಗೆ ಯಾರೂ ವೀರಗಲ್ಲು ನಿಲ್ಲಿಸಿದಂತೆ ಕಾಣೆ. ಆ ಶಾಸನವೇ ಅವರ ವೀರಗಲ್ಲು.

ಈ ವಿಚಾರ ಹಳೆಯ ಕಲ್ಲುಗಳಿಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಇಂದು ನಾಡಿನ ವೀರರನ್ನು ಜಯಂತಿಗೊಬ್ಬರಂತೆ, ಜಾತಿಗೊಬ್ಬರಂತೆ ಹಂಚಿಕೊಳ್ಳುತ್ತಿದ್ದೇವೆ. ಊರ ಬಾಗಿಲಲ್ಲಿ ಕಟ್ಟಿದ ಫ್ಲೆಕ್ಸನ್ನು ನೋಡಿ ಇದು ಯಾರ ಪೈಕಿಯ ಹಬ್ಬವೆಂದು ತಿಳಿದುಕೊಳ್ಳುತ್ತೇವೆ. ಇದಕ್ಕೆ ಬೇಸತ್ತು, ವೀರನ ಮತವನ್ನೇ ಅಳಿಸಿಹಾಕೋಣ, ಬ್ಯಾಟ್‌ಮ್ಯಾನ್‌ನಂತೆ ಅವನು ಯಾರವನೂ ಆಗದಿರಲಿ ಎನ್ನುವವರೂ ಉಂಟು. ನನಗೆ ಎರಡೂ ಸರಿಯೆನಿಸದು. ಮೇಲಿನ ಪಟ್ಟಿಕೆಯನ್ನು ಕೆತ್ತಿಹಾಕಿದರೆ ಕಲ್ಲು ಭಗ್ನವಾಗುತ್ತದೆ. ಅದೊಂದನ್ನೇ ನೋಡಿದರೆ ಕಥೆಯೇ ತಿಳಿಯುವುದಿಲ್ಲ.

ಆ ದಿನ ನಾನು ಹುಡುಗನಿಗೆ ಸರಿಯಾದ ಉತ್ತರ ಕೊಡಲಿಲ್ಲ. “ಗೊತ್ತಿಲ್ಲಪ್ಪ” ಎಂದು ಹೇಳಿ ಮದುವೆಯ ಮನೆಗೆ ಹಿಂದಿರುಗಿದೆನು. ಮತ್ತೊಮ್ಮೆ ಅವನು ಸಿಕ್ಕಿದರೆ ಅವನನ್ನು ಕಲ್ಲಿನ ಮುಂದೆ ಕೂರಿಸಿಕೊಂಡು ಹೀಗೆ ಹೇಳಬೇಕೆಂದಿದ್ದೇನೆ: “ಮರಿ, ಮೊದಲು ಕೆಳಗಿನಿಂದ ಓದು. ಇವನು ಯಾರಿಗಾಗಿ ಹೋರಾಡಿದ ಅಂತ ನೋಡು. ಆ ಹಸು ಯಾರದೋ, ಆ ಊರು ಯಾರದೋ, ಇವನು ಅವರೆಲ್ಲರ ಪೈಕಿ. ಆಮೇಲೆ ತಲೆ ಎತ್ತಿ ಮೇಲೆ ನೋಡು. ಅಲ್ಲಿರುವುದು ಇವನ ದೇವರು. ಅವನಿಗೂ ಒಂದು ಕೈ ಮುಗಿ.”